ಸಾಂಕ್ರಾಮಿಕದ ಕಾಲದಲ್ಲಿ ಮಧುಮೇಹ ಮತ್ತು ಬೊಜ್ಜಿನ ನಿರ್ವಹಣೆ: ರೈತ ಕುಟುಂಬಗಳಿಗೆ ಸಲಹೆಗಳು



2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಯಾಯಿತು. ಮುಶಿಗೇರಿಯಂತಹ ಎರೆಭೂಮಿಯ ಊರುಗಳಲ್ಲಿ ಅದು ಹಿಂಗಾರಿ ಜೋಳ, ಕಡಲೆಯ ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾಗುವ ಕಾಲ. ಅದೇ ಹೊತ್ತಿಗೆ ಸಂತೆ, ಪ್ರಯಾಣಗಳೂ ನಿಂತವು. ದುಡಿಮೆ ಕುಗ್ಗಿ ಊಟದ ಪ್ರಮಾಣ ಹಾಗೆಯೇ ಉಳಿದರೆ ತೂಕವೂ ರಕ್ತದ ಸಕ್ಕರೆಯೂ ಏರುತ್ತವೆ. ಮಧುಮೇಹ ಅಥವಾ ಬೊಜ್ಜು ಇರುವವರಲ್ಲಿ ಕೋವಿಡ್-19 ಉಲ್ಬಣಿಸುವ ಅಪಾಯ ಹೆಚ್ಚು. ಆದ್ದರಿಂದ ಸಾಂಕ್ರಾಮಿಕ ಯಾವುದೇ ಇರಲಿ, ಊಟ, ದುಡಿಮೆ, ಔಷಧಿ ಈ ಮೂರರ ಕ್ರಮ ತಪ್ಪದಂತೆ ನೋಡಿಕೊಳ್ಳುವುದು ಅಗತ್ಯ.

ಗುರುತಿಸುವುದು ಹೇಗೆ?
• ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದ್ದರೆ ಎಚ್ಚರಿಕೆ ಅಗತ್ಯ.
• ಖಾಲಿ ಹೊಟ್ಟೆಯ ಸಕ್ಕರೆ 126 ಮಿ.ಗ್ರಾಂ. ಅಥವಾ ಹೆಚ್ಚಿದ್ದರೆ ವೈದ್ಯರಲ್ಲಿ ಮರುಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.
• 30 ವರ್ಷ ಮೀರಿದವರೆಲ್ಲರೂ ಸಮೀಪದ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು.

ಆಹಾರ ಕ್ರಮ
100 ಗ್ರಾಂ ಧಾನ್ಯದಲ್ಲಿ ಪಿಷ್ಟದ ಅಂಶ ಪಾಲಿಶ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ಜೋಳದಲ್ಲಿ 73 ಗ್ರಾಂ, ನವಣೆಯಲ್ಲಿ 61 ಗ್ರಾಂ. ಸಸಾರಜನಕ ಕ್ರಮವಾಗಿ 7, 10 ಮತ್ತು 12 ಗ್ರಾಂ. ಜೋಳ, ನವಣೆಗಳಲ್ಲಿ ನಾರಿನಂಶವೂ ಹೆಚ್ಚು. ಆದರೆ ಒಂದು ತಪ್ಪು ತಿಳಿವಳಿಕೆ ಬೇಡ: ಸಿರಿಧಾನ್ಯ ಔಷಧಿಯಲ್ಲ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿಯೂ ಸುಮಾರು 36 ಗ್ರಾಂ ಪಿಷ್ಟವಿದೆ. ಅನ್ನ ಬಿಟ್ಟು ಐದು ರೊಟ್ಟಿ ತಿಂದರೆ ಪ್ರಯೋಜನವಿಲ್ಲ.

• ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು. ಕಾಲು ಭಾಗ ಕಾಳು ಅಥವಾ ಬೇಳೆ. ಉಳಿದ ಕಾಲು ಭಾಗ ಮಾತ್ರ ರೊಟ್ಟಿ ಅಥವಾ ನವಣೆ ಅನ್ನವಿರಲಿ.
• ನವಣೆಯನ್ನು ಅತಿಯಾಗಿ ಪಾಲಿಶ್ ಮಾಡಿಸಬೇಡಿ. ನಾರು ತೌಡಿನೊಡನೆ ಹೋಗುತ್ತದೆ.
• ಬೆಲ್ಲ, ಜೇನುತುಪ್ಪಗಳೂ ಸಕ್ಕರೆಯನ್ನು ಏರಿಸುತ್ತವೆ. ಚಹಾದ ಸಕ್ಕರೆ, ಚುರುಮುರಿ, ಮಿರ್ಚಿ ಭಜಿಗೆ ಮಿತಿಯಿರಲಿ.
• ಬೆಳೆದ ಕಡಲೆ, ಹೆಸರನ್ನೆಲ್ಲ ಮಾರಬೇಡಿ. ಒಬ್ಬರಿಗೆ ದಿನಕ್ಕೆ 50 ಗ್ರಾಂನಂತೆ ಐದು ಜನರ ಕುಟುಂಬಕ್ಕೆ ವರ್ಷಕ್ಕೆ ಸುಮಾರು 91 ಕಿ.ಗ್ರಾಂ. ಕಾಳು ಬೇಕು. ಒಂದು ಕ್ವಿಂಟಲ್ ಮನೆಗೆ ಉಳಿಸಿಕೊಂಡರೆ ಪೇಟೆ ಮುಚ್ಚಿದರೂ ಊಟದ ಕ್ರಮ ಕೆಡುವುದಿಲ್ಲ. ಮೂತ್ರಪಿಂಡದ ತೊಂದರೆಯಿದ್ದವರು ಕಾಳಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು.
• ಮುಂಗಾರಿನಲ್ಲಿ ಕೆಲವು ಗುಂಟೆಯಲ್ಲಾದರೂ ಮನೆಬಳಕೆಗೆ ನವಣೆ ಬಿತ್ತುವುದು ಸೂಕ್ತ.

ದುಡಿಮೆ ಮತ್ತು ಪಾದಗಳ ಆರೈಕೆ
ಕೆಲಸವಿಲ್ಲದ ದಿನಗಳಲ್ಲಿ ಹೊಲದ ದಾರಿಯಲ್ಲಿ ಜನಸಂದಣಿಯಿಂದ ದೂರವಾಗಿ 30 ನಿಮಿಷ ಬಿರುಸಾಗಿ ನಡೆಯಿರಿ. ಬರಿಗಾಲು ಬೇಡ. ಕಾಲಿನ ಸ್ಪರ್ಶಜ್ಞಾನ ಕುಗ್ಗಿದ್ದರೆ ಜೋಳದ ಕೂಳೆ ಚುಚ್ಚಿದ್ದೂ ತಿಳಿಯದು. ಪ್ರತಿ ಸಂಜೆ ಪಾದ ತೊಳೆದು, ಒರೆಸಿ, ಅಂಗಾಲನ್ನು ಪರೀಕ್ಷಿಸಿರಿ. ಮಧುಮೇಹದ ಔಷಧಿ ಸೇವಿಸುವವರು ಹೊಲಕ್ಕೆ ಹೋಗುವಾಗ ಸಕ್ಕರೆಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಬೆವರು, ನಡುಕ, ಮಂಪರು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ಸೇವಿಸಿ. 15 ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಮತ್ತೊಮ್ಮೆ ಸೇವಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಔಷಧಿ ಮತ್ತು ಜ್ವರದ ದಿನಗಳು
• ಒಂದು ತಿಂಗಳಿಗಾಗುವಷ್ಟು ಮಾತ್ರೆ ಮನೆಯಲ್ಲಿರಲಿ. ಕಷಾಯ ಕುಡಿಯುತ್ತಿದ್ದೇವೆಂದು ಮಾತ್ರೆ ನಿಲ್ಲಿಸಬೇಡಿ.
• ಫ್ರಿಜ್ ಇಲ್ಲದಿದ್ದರೆ ಇನ್ಸುಲಿನ್ ಬಾಟಲಿಯನ್ನು ನೀರು ಸೇರದ ಡಬ್ಬಿಯಲ್ಲಿಟ್ಟು, ಒದ್ದೆ ಮರಳು ತುಂಬಿದ ಮಣ್ಣಿನ ಗಡಿಗೆಯಲ್ಲಿ ನೆರಳಿನಲ್ಲಿಡಿ.
• ಜ್ವರ ಬಂದಾಗ ಊಟ ಕಡಿಮೆಯಾದರೂ ಸಕ್ಕರೆ ಏರಬಹುದು. ಇನ್ಸುಲಿನ್ ಅನ್ನು ತಾವಾಗಿಯೇ ನಿಲ್ಲಿಸಬಾರದು. ನೀರು ಸಾಕಷ್ಟು ಕುಡಿಯಿರಿ. ವಾಂತಿ, ಭೇದಿಯಿದ್ದರೆ ಯಾವ ಮಾತ್ರೆ ಮುಂದುವರಿಸಬೇಕೆಂದು ವೈದ್ಯರನ್ನು ಕೇಳಿ.
• ಸ್ಟಿರಾಯ್ಡ್ ಔಷಧಿಯನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬೇಡಿ. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ರೋಗ ಹೆಚ್ಚಾಗಿ ಬಾಧಿಸಿದ್ದು ಸಕ್ಕರೆ ಹತೋಟಿಯಲ್ಲಿಲ್ಲದವರನ್ನು ಮತ್ತು ಸ್ಟಿರಾಯ್ಡ್ ಪಡೆದವರನ್ನು.
• ಉಸಿರಾಟದ ತೊಂದರೆ, ಮುಖದ ಒಂದು ಬದಿ ನೋವು ಅಥವಾ ಬಾವು, ದೃಷ್ಟಿ ಮಂಜಾಗುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವಿಸ್ತರಣಾ ಕಾರ್ಯಕರ್ತರಿಗೆ
ಬೀಜ ವಿತರಣೆ, ಕ್ಷೇತ್ರೋತ್ಸವಗಳಲ್ಲಿ ಆಶಾ ಕಾರ್ಯಕರ್ತೆಯರೊಡಗೂಡಿ ತಪಾಸಣೆಯ ಮಾಹಿತಿ ನೀಡಿರಿ. ಅಡುಗೆ ಮಾಡುವ ಮಹಿಳೆಯರಿಗೆ ತಟ್ಟೆಯ ಪ್ರಮಾಣವನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿರಿ. ಒಬ್ಬಂಟಿ ವೃದ್ಧರಿಗೆ ಮಾತ್ರೆ ತಲುಪಿಸುವ ಹೊಣೆಯನ್ನು ಸ್ವಸಹಾಯ ಸಂಘಗಳಿಗೆ ವಹಿಸಬಹುದು.

ಬರಗಾಲಕ್ಕೆ ಮೊದಲೇ ಮೇವು ಕೂಡಿಡುವ ರೈತರು ಸಾಂಕ್ರಾಮಿಕಕ್ಕೂ ಹಾಗೆಯೇ ಮೊದಲೇ ಸಿದ್ಧರಾಗಿರಬೇಕು. ಈ ಸಲಹೆಗಳು ವೈದ್ಯರ ಚಿಕಿತ್ಸೆಗೆ ಪೂರಕವೇ ಹೊರತು ಪರ್ಯಾಯವಲ್ಲ.