ಅವ್ವನ ಹೆಬ್ಬೆರಳಿನ ಲೆಕ್ಕ

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ 'ಪರಿಹಾರ' ಎಂದರೆ ಜನರಿಗೆ ಮೊದಲು ನೆನಪಾಗುವುದು ಮುಳುಗಡೆ. ಆಲಮಟ್ಟಿಯ ಹಿನ್ನೀರಿಗೆ ಹೋದ ಹೊಲಕ್ಕೆ, ಮನೆಗೆ, ಬಾವಿಗೆ, ಬದುವಿನ ಮೇಲಿನ ಮರಕ್ಕೆ ಕೂಡ ಬೆಲೆ ಕಟ್ಟಿದರು. ಕಟ್ಟಿದ ಬೆಲೆ ಸಾಲದೆಂದು ಕೋರ್ಟಿಗೆ ಹೋದವರೂ ಬಹಳ. ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಎಲ್ಲಿ ನಾಲ್ಕು ಜನ ಸೇರಿದರೂ ಅದೇ ಮಾತು. ನಾನು ಹೇಳಹೊರಟಿರುವ ಪರಿಹಾರ ಬೇರೆ. ಅದು ನಮ್ಮ ಅವ್ವನ ಬಲಗೈ ಹೆಬ್ಬೆರಳಿಗೆ ಬಂದದ್ದು. ಅದರ ಜೊತೆಗೇ ನನ್ನ ಎಡಗೈ ಮೂಳೆಗೂ ಬಂತು. ಎರಡರ ಅಂತರ ನನ್ನನ್ನು ಇಷ್ಟು ವರ್ಷ ಕಾಡಿದೆ.

ನನ್ನ ತವರು ಜಮಖಂಡಿ ತಾಲೂಕಿನ ತುಬಚಿ. ಈಗ ತುಬಚಿ-ಬಬಲೇಶ್ವರ ಏತ ನೀರಾವರಿ ಎಂದು ಊರಿನ ಹೆಸರು ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ನಾನು ಚಿಕ್ಕವಳಿದ್ದಾಗ ಅಂಥ ಹೆಸರೇನೂ ಇರಲಿಲ್ಲ. ಕೃಷ್ಣೆಯ ಸೀಮೆ, ಜೋಳ, ಅಷ್ಟಿಷ್ಟು ಕಬ್ಬು, ಸುಗ್ಗಿಯಲ್ಲಿ ಬೆಲ್ಲದ ಗಾಣ. ಗಾಣಕ್ಕೆ ಕಬ್ಬು ಕೊಡುವವನ ಕೈ ಗಾಲಿಯೊಳಗೆ ಸಿಕ್ಕ ಸುದ್ದಿ ಎರಡು ವರ್ಷಕ್ಕೊಮ್ಮೆಯಾದರೂ ಬರುತ್ತಿತ್ತು. ಆಗ ಗುಡಿಯ ಕಟ್ಟೆಗೆ ಹಿರಿಯರು ಕೂಡುತ್ತಿದ್ದರು. ನಮ್ಮ ಅಪ್ಪನ ಜೊತೆ ಹೋಗಿ ನಾನೂ ಒಮ್ಮೆ ನಿಂತಿದ್ದೆ. ಅವರು ಕೇಳಿದ ಮೊದಲ ಮಾತು, "ಯಾವ ಕೈ ಹೋಗೇತಿ?" ಎಂದು. ಎರಡನೆಯದು, "ಮನ್ಯಾಗ ದುಡಿಯಾವ್ರು ಎಷ್ಟ ಮಂದಿ?" ಆಸ್ಪತ್ರೆಯ ಖರ್ಚು, ಒಂದು ವರ್ಷಕ್ಕಾಗುವಷ್ಟು ಜೋಳ, ದೊಡ್ಡ ಮಗನಿಗೆ ಅದೇ ಗಾಣದಲ್ಲಿ ಕೆಲಸ ಎಂದು ತೀರ್ಮಾನವಾಯಿತು. ಗಾಣದ ಮಾಲಕರು ಕೊಟ್ಟದ್ದು ಧರ್ಮವೆಂದೇ ಎಲ್ಲರೂ ತಿಳಿದರು, ಕೈ ಕಳೆದುಕೊಂಡವನೂ ಸಹ.

ಕೂಲಿಯವನ ಕೈ ಹೋದರೆ ಅದು ಧರ್ಮವಲ್ಲ, ಹಕ್ಕು ಎಂದು ಹೇಳುವ ಕಾನೂನು ದೇಶದಲ್ಲಿ ಆಗಲೇ ಹಳೆಯದಾಗಿತ್ತೆಂಬುದು ನನಗೆ ಬಹಳ ಕಾಲದ ಮೇಲೆ ತಿಳಿಯಿತು. ಜರ್ಮನಿಯಲ್ಲಿ 1884ರಲ್ಲಿ, ಇಂಗ್ಲೆಂಡಿನಲ್ಲಿ 1897ರಲ್ಲಿ ಅಂಥ ಕಾಯ್ದೆಗಳಾದವು. ನಮ್ಮಲ್ಲಿ ಕೂಲಿಕಾರರ ನಷ್ಟ ಪರಿಹಾರ ಕಾಯ್ದೆ 1923ರಲ್ಲಿ ಆಗಿ, 1924ರ ಜುಲೈ 1ರಿಂದ ಜಾರಿಗೆ ಬಂತು. ಆಗ ಜಮಖಂಡಿಯಲ್ಲಿ ಪಟವರ್ಧನ ರಾಜರ ಆಡಳಿತ. ಆ ಕಾಯ್ದೆಯ ಹಿಂದೆ ಒಂದು ಪಟ್ಟಿ ಇತ್ತು. ಮೊದಲ ಸಲ ಓದಿದಾಗ ನನಗೆ ಕಸಾಯಿಯವನ ಅಂಗಡಿ ನೆನಪಾಯಿತು. ಹೆಬ್ಬೆರಳು ಹೋದರೆ ನೂರಕ್ಕೆ 30. ಒಂದು ಕೈಯ ನಾಲ್ಕು ಬೆರಳು ಹೋದರೆ 50. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರ ಬೆರಳಿಗೂ ಕಿರುಬೆರಳಿಗೂ 7. ದುಡಿಯುವ ಶಕ್ತಿಯಲ್ಲಿ ಇಷ್ಟಿಷ್ಟು ನಷ್ಟವಾಯಿತೆಂದು ಲೆಕ್ಕ.

ಪಟ್ಟಿ ಒರಟಾದರೂ ನ್ಯಾಯಾಲಯಗಳು ಅದನ್ನು ಕಣ್ಣು ಮುಚ್ಚಿ ಓದಲಿಲ್ಲ. ಸಿನಿಮಾ ಮಂದಿರದ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಪಟ್ಟಿಯ ಪ್ರಕಾರ ಅವನ ನಷ್ಟ ನೂರಕ್ಕೆ ನೂರು ಅಲ್ಲ. ಬಡಗಿ ಒಂದೇ ಕೈಯಲ್ಲಿ ಕೆಲಸ ಮಾಡಲಾರ, ಆದ್ದರಿಂದ ನಷ್ಟ ಪೂರ್ತಿ ನೂರು ಎಂದು 1975ರಲ್ಲಿ ತೀರ್ಪಾಯಿತು. "ಯಾವ ಕೈ, ಏನು ಕೆಲಸ" ಎಂದು ನಮ್ಮೂರ ಕಟ್ಟೆಯ ಹಿರಿಯರು ಕೇಳಿದ್ದೂ ಇದನ್ನೇ ಅಲ್ಲವೇ? ಅದು ಗಂಡಸಿನ ಕೈಯಾಗಿತ್ತು, ಅದಕ್ಕೊಂದು ಕೂಲಿ ಇತ್ತು ಎಂಬುದು ಬೇರೆ ಮಾತು.

ಇನ್ನು ನಮ್ಮ ಕತೆ. 1996ರ ಜನವರಿ. ನಾನು ಮಾಸ್ತರಿಕೆಗೆ ಸೇರಿ ಕೆಲವು ವರ್ಷಗಳಾಗಿದ್ದವು. ಜಮಖಂಡಿಯಲ್ಲಿ ಬೀಗರ ಮನೆಯ ಕುಪ್ಪಸದ ಕಾರ್ಯ ಮುಗಿಸಿಕೊಂಡು ನಾನು, ಅವ್ವ ಟೆಂಪೋದಲ್ಲಿ ಊರಿಗೆ ಹೊರಟಿದ್ದೆವು. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆ ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅಚ್ಚು ಮುರಿದ ಕಬ್ಬಿನ ಟ್ರೇಲರ್ ಒಂದು ರಸ್ತೆಯ ಮೇಲೇ ನಿಂತಿತ್ತು. ಸುತ್ತ ನಾಲ್ಕು ಕಲ್ಲು ಇಟ್ಟಿದ್ದರು, ದೀಪವಿಲ್ಲ. ನಮ್ಮ ಟೆಂಪೋ ಕತ್ತಲಲ್ಲಿ ಅದಕ್ಕೆ ಹೋಗಿ ಬಡಿಯಿತು. ಅವ್ವ ಕಿಟಕಿಯ ಸರಳು ಹಿಡಿದು ಕೂತಿದ್ದಳು.

ಮಿರಜಿಗೆ ಒಯ್ದರು. ನನ್ನ ಎಡಗೈ ಮೂಳೆ ಮುರಿದಿತ್ತು. ನಾಲ್ಕು ತಿಂಗಳಲ್ಲಿ ಕೂಡಿತು. ಅವ್ವನ ಬಲಗೈ ಹೆಬ್ಬೆರಳನ್ನು ಬುಡಕ್ಕೇ ತೆಗೆಯಬೇಕಾಯಿತು. ಅವಳು ಅತ್ತದ್ದನ್ನು ನಾನು ಕಂಡದ್ದು ಆಸ್ಪತ್ರೆಯಲ್ಲಲ್ಲ. ಊರಿಗೆ ಬಂದ ಹದಿನೈದನೇ ದಿನ ಒಲೆಯ ಮುಂದೆ ಕೂತು ರೊಟ್ಟಿಯ ಹಿಟ್ಟು ನಾದಲು ಹೋಗಿ, ಬಿಟ್ಟು ಎದ್ದಾಗ.

ದಾವೆ ಹೂಡಬಹುದೆಂದು ಹೇಳಿದವರು ನನ್ನ ಸಹೋದ್ಯೋಗಿಯ ಅಣ್ಣ. ನಮಗೆ ಪುಣ್ಯಕ್ಕೆ ಒಂದು ಅನುಕೂಲವಿತ್ತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಇದ್ದದ್ದನ್ನು 1994ರ ನವೆಂಬರಿನಿಂದ ತೆಗೆದುಹಾಕಿದ್ದರು. ಇಲ್ಲದಿದ್ದರೆ ಕೈ ಕಟ್ಟು ಬಿಚ್ಚಿ, ದವಾಖಾನೆಯ ಸಾಲ ತೀರಿಸಿ, ವಕೀಲರನ್ನು ಹುಡುಕುವಷ್ಟರಲ್ಲಿ ನಮ್ಮ ಗಡುವು ಮುಗಿದಿರುತ್ತಿತ್ತು. (ಆ ಆರು ತಿಂಗಳ ಮಿತಿ 2022ರ ಏಪ್ರಿಲಿನಿಂದ ಮತ್ತೆ ಬಂದಿದೆ. ಅದನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿನ ತನಕ ಹೋಗಿದ್ದಾರೆ. ಹೆಂಗಸರು ಇಂಥದ್ದನ್ನು ತಿಳಿದಿರಬೇಕು. ಮನೆಯಲ್ಲಿ ಗಾಯಾಳುವಿನ ಚಾಕರಿ ಮಾಡುವವರು ನಾವೇ, ದಿನ ಎಣಿಸುವುದನ್ನು ಮರೆಯುವವರೂ ನಾವೇ.)

ವಕೀಲರ ಕಚೇರಿಯಲ್ಲಿ ಗುಮಾಸ್ತ ವಕಾಲತ್ತಿನ ಕಾಗದ ತಂದು ಶಾಯಿಯ ಡಬ್ಬಿ ತೆರೆದ. ಅವ್ವ ಅಭ್ಯಾಸದಂತೆ ಬಲಗೈ ಮುಂದೆ ಮಾಡಿ, ನೋಡಿಕೊಂಡು ನಕ್ಕು, ಎಡಗೈ ಕೊಟ್ಟಳು.

ವಕೀಲರು ನನ್ನ ಅರ್ಜಿಯನ್ನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದರು. ಪಗಾರದ ಪತ್ರ, ರಜೆಯ ದಾಖಲೆ, ಜನ್ಮ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಎಲ್ಲ ಇದ್ದವು. ಅವ್ವನ ಅರ್ಜಿಗೆ ಬಂದಾಗ ಪೆನ್ನು ನಿಂತಿತು.

"ಅಕ್ಕಾರ, ಅವ್ವಾರ ಉದ್ಯೋಗ ಏನಂತ ಬರೀಲಿ?"

ಅವ್ವನೇ ಹೇಳಿದಳು: "ರೊಟ್ಟಿ ಬಡೀತಿದ್ನಿರಿ, ಎರಡ ಎಮ್ಮಿ ಹಿಂಡತಿದ್ನಿರಿ, ಕಳೇ ತಗೀತಿದ್ನಿರಿ, ಕೌದಿ ಹೊಲೀತಿದ್ನಿರಿ."

"ರೊಕ್ಕ ಬಂದದ್ದಕ್ಕ ಪಾವತಿ ಏನರ ಐತೇನ್ರಿ?"

ಹಾಲು ಓಣಿಯ ನಾಲ್ಕು ಮನೆಗೆ ಹೋಗುತ್ತಿತ್ತು. ಲೆಕ್ಕ ಗೋಡೆಯ ಮೇಲೆ ಇದ್ದಿಲ ಗೆರೆಯಲ್ಲಿ. ಕೌದಿಗೆ ಕೆಲವರು ರೊಕ್ಕ ಕೊಟ್ಟರೆ, ಕೆಲವರು ಸೇರು ಜೋಳ ಕೊಡುತ್ತಿದ್ದರು. ಯುಗಾದಿಗೆ ಗೋಡೆ ಸಾರಿಸಿದಾಗ ಆ ಗೆರೆಗಳೂ ಹೋದವು. ವಕೀಲರು 'ಮನೆಗೆಲಸ' ಎಂದು ಬರೆದರು.

ದಾವೆ ಮೂರು ವರ್ಷ ನಡೆಯಿತು. ಟೆಂಪೋದ ವಿಮೆಯವರು ಟ್ರ್ಯಾಕ್ಟರಿನ ತಪ್ಪು ಎಂದರು, ಟ್ರ್ಯಾಕ್ಟರಿನ ಕಡೆಯವರು ಟೆಂಪೋದ ತಪ್ಪು ಎಂದರು. ಅದನ್ನೆಲ್ಲ ಬರೆಯುತ್ತ ಕೂತರೆ ನಿಮಗೂ ಬೇಸರ. ನಡುವೆ ಒಂದು ಒಳ್ಳೆಯದಾಯಿತು. ತಪ್ಪು ಯಾರದೇ ಇರಲಿ, ಸತ್ತರೆ 50,000, ಶಾಶ್ವತವಾಗಿ ಅಂಗ ಹೋದರೆ 25,000 ರೂಪಾಯಿ ಮೊದಲೇ ಕೊಡತಕ್ಕದ್ದೆಂಬ ಕಲಮು ಆಗ ಇತ್ತು. ಆ 25,000 ಅವ್ವನಿಗೆ ಬಂತು. ಮಿರಜಿನ ಸಾಲಕ್ಕೆ ಹೋಯಿತು.

ಅವ್ವನ ಪಾಟೀಸವಾಲಿನ ದಿನ ನಾನು ಹಿಂದಿನ ಬೆಂಚಿನ ಮೇಲಿದ್ದೆ. ವಿಮೆಯ ಕಡೆಯ ವಕೀಲರು ಸಭ್ಯರು, ದನಿ ಏರಿಸಲಿಲ್ಲ. "ಬಾಯಿ, ನಿಮಗೆ ಆದಾಯ ಇರಲಿಲ್ಲ ಅಂದರೆ ಸರಿ ಅಲ್ಲವೇ? ಈಗಲೂ ಮನೆಯಲ್ಲೇ ಇದ್ದೀರಿ, ಮೊದಲೂ ಮನೆಯಲ್ಲೇ ಇದ್ದಿರಿ?" ಎಂದರು. ಅವ್ವ "ಹೌದ್ರಿ, ಮತ್ತೆಲ್ಲಿ ಹೋಗಲಿ" ಎಂದಳು. ಗುಮಾಸ್ತ ಬರೆದುಕೊಂಡ. ಅಲ್ಲಿಗೆ ಅವಳ ದಾವೆ ಅರ್ಧ ಮುಗಿದಿತ್ತು ಎಂದು ನಮಗೆ ಆಗ ತಿಳಿಯಲಿಲ್ಲ.

ಡಾಕ್ಟರು ಕೈಗೆ ನೂರಕ್ಕೆ 30 ಊನ ಎಂದು ಬರೆದುಕೊಟ್ಟಿದ್ದರು. ಆದರೆ ಕೈಗೆ 30 ಆದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 10 ಎಂದು ಹಿಡಿಯುವುದು ರೂಢಿ. ಇದನ್ನು ಅವ್ವನಿಗೆ ತಿಳಿಸಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಡೀ ದೇಹ ಏನ ರೊಟ್ಟಿ ಬಡೀತೈತಿ?" ಎಂದಳು. ಬಿ.ಎ., ಬಿ.ಎಡ್. ಓದಿದ ನನ್ನ ಹತ್ತಿರ ಉತ್ತರವಿರಲಿಲ್ಲ.

ಲೆಕ್ಕ ಹೀಗಾಯಿತು. 1994ರಲ್ಲಿ ಕಾಯ್ದೆಗೆ ಸೇರಿಸಿದ ಎರಡನೇ ಅನುಸೂಚಿಯಲ್ಲಿ ಗಳಿಕೆಯಿಲ್ಲದವರಿಗೆ ವರ್ಷಕ್ಕೆ 15,000 ರೂಪಾಯಿ ಎಂದು ಊಹೆಯ ಆದಾಯ ಹಿಡಿದಿದ್ದರು. ಹೆಂಡತಿಯಾದರೆ ದುಡಿಯುವ ಗಂಡನ ಆದಾಯದ ಮೂರನೇ ಒಂದು ಭಾಗ. ನಮ್ಮ ಅಪ್ಪ ತೀರಿಕೊಂಡಿದ್ದರಿಂದ ಅವ್ವನಿಗೆ 15,000. ಅದರ ನೂರಕ್ಕೆ ಹತ್ತು, 1,500. ಐವತ್ತು ದಾಟಿದವಳೆಂದು ಅದನ್ನು 11ರಿಂದ ಗುಣಿಸಿದರು. 16,500. ನೋವಿಗೆ 10,000, ಔಷಧಿಗೆ 8,000. ಔಷಧಿಗೆ ಆದದ್ದು ಅದಕ್ಕಿಂತ ಹೆಚ್ಚು, ಆದರೆ ಅಂಗಡಿಯ ಚೀಟಿಗಳಲ್ಲಿ ಅರ್ಧ ಕಳೆದಿದ್ದವು. ಅದು ನನ್ನದೇ ತಪ್ಪು. ಒಟ್ಟು 34,500. ಮೊದಲು ಕೊಟ್ಟ 25,000 ಕಳೆದು, ಬಾಕಿ 9,500 ಮತ್ತು ನೂರಕ್ಕೆ ಆರರಂತೆ ಬಡ್ಡಿ.

ನನ್ನದು 42,000. ನಾಲ್ಕು ತಿಂಗಳ ಪಗಾರ ಅದರಲ್ಲಿ ಸೇರಿತ್ತು. ನನ್ನ ಕೈ ಸರಿಯಾಗಿತ್ತು, ನಾನು ಫಲಕದ ಮೇಲೆ ಬರೆಯುತ್ತಿದ್ದೆ, ಕೆಲಸವೂ ಉಳಿದಿತ್ತು. ಒಂದೇ ಗಾಡಿ, ಒಂದೇ ಕತ್ತಲು, ಒಂದೇ ಬೆಂಚಿನ ಮೇಲೆ ಕೂತ ತಾಯಿ ಮಗಳು. 1999ರಲ್ಲಿ ಆ ಆದೇಶದ ಎರಡು ಪ್ರತಿಗಳನ್ನು ಒಂದೇ ಕೈಚೀಲದಲ್ಲಿ ಇಟ್ಟುಕೊಂಡು ಊರಿಗೆ ಬಂದೆ. ನನ್ನ ಮೊತ್ತವನ್ನು ಅವ್ವನಿಗೆ ಒಂದು ವಾರ ಹೇಳಲಿಲ್ಲ.

ಮೇಲ್ಮನವಿ ಹಾಕಬಹುದಿತ್ತು. ಆಗ ಹೈಕೋರ್ಟು ಎಂದರೆ ಬೆಂಗಳೂರು. ಧಾರವಾಡಕ್ಕೆ ಪೀಠ ಬಂದದ್ದು 2008ರಲ್ಲಿ. ಒಂಬತ್ತು ಸಾವಿರದ ಸಲುವಾಗಿ ಬೆಂಗಳೂರಿಗೆ ಎಷ್ಟು ಸಲ ಓಡಾಡುವುದು? ಬಿಟ್ಟೆವು.

ಬಿಟ್ಟ ಎರಡೇ ವರ್ಷಕ್ಕೆ ಬೇರೆ ಊರಿನ ಹೆಂಗಸರ ದಾವೆಯಲ್ಲಿ ಮಾತು ತಿರುಗಿತು. ಜಮ್ಶೆಡ್‌ಪುರದಲ್ಲಿ 1989ರ ಮಾರ್ಚ್ 3ರಂದು ಟಾಟಾ ಉಕ್ಕಿನ ಕಾರ್ಖಾನೆಯ ಸಂಸ್ಥಾಪಕರ ದಿನಾಚರಣೆಯಲ್ಲಿ ಪೆಂಡಾಲಿಗೆ ಬೆಂಕಿ ಹತ್ತಿ 60 ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ಮನೆವಾರ್ತೆ ನೋಡುವ ಹೆಂಗಸಿನ ದುಡಿಮೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಎದ್ದಿತು. ಮೊದಲು ವರ್ಷಕ್ಕೆ 12,000 ಎಂದು ಹಿಡಿದಿದ್ದರು. ಅದು ತೀರ ಕಡಿಮೆಯೆಂದು ಸುಪ್ರೀಂ ಕೋರ್ಟು 2001ರ ಆಗಸ್ಟಿನಲ್ಲಿ, 34ರಿಂದ 59 ವಯಸ್ಸಿನ ಗೃಹಿಣಿಯರಿಗೆ ತಿಂಗಳಿಗೆ 3,000, ವರ್ಷಕ್ಕೆ 36,000 ಎಂದು ಏರಿಸಿತು. ಅವ್ವನಿಗೆ ಹಿಡಿದ ಹದಿನೈದು ಸಾವಿರದ ಹೆಚ್ಚುಕಡಿಮೆ ಎರಡೂವರೆ ಪಟ್ಟು. ಪತ್ರಿಕೆಯಲ್ಲಿ ಓದಿದ ದಿನ ಕಾಗದದ ಮೇಲೆ ಗುಣಾಕಾರ ಮಾಡಿ ನೋಡಿ, ಹರಿದು ಒಲೆಗೆ ಹಾಕಿದೆ.

2010ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ತೀರ್ಪಿನಲ್ಲಿ, 2001ರ ಜನಗಣತಿಯು ಅಡಿಗೆ ಮಾಡುವ, ನೀರು ತರುವ, ಮಕ್ಕಳನ್ನು ನೋಡುವ ಹೆಂಗಸರನ್ನು ಭಿಕ್ಷುಕರು, ಕೈದಿಗಳು ಮುಂತಾದವರ ಸಾಲಿನಲ್ಲಿ 'ಕೆಲಸಗಾರರಲ್ಲದವರು' ಎಂದು ಸೇರಿಸಿದ್ದನ್ನು ಕಟುವಾಗಿ ಟೀಕಿಸಿತು. 2021ರ ಜನವರಿಯಲ್ಲಿ ನ್ಯಾಯಮೂರ್ತಿ ರಮಣ ಅವರು 2019ರ ಸಮೀಕ್ಷೆಯೊಂದನ್ನು ಮುಂದಿಟ್ಟು, ಮನೆಯ ಕೆಲಸಕ್ಕೆ ಹೆಂಗಸು ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸು 97 ನಿಮಿಷ ಕೊಡುತ್ತಾನೆಂದು ಬರೆದರು. ನಿಮಿಷ ಎಣಿಸಿದ್ದು ನನಗೆ ಬಹಳ ಹಿಡಿಸಿತು. ಇವೆಲ್ಲ ಸತ್ತ ಹೆಂಗಸರ ದಾವೆಗಳು ಎಂಬುದನ್ನೂ ಹೇಳಬೇಕು. ಬದುಕಿ ಉಳಿದವರ ಕೈಕಾಲಿನ ಬಗ್ಗೆ 2010ರ ಒಂದು ತೀರ್ಪಿದೆ. ಡಾಕ್ಟರ ಶೇಕಡಾವಾರನ್ನು ಹಾಗೆಯೇ ಹಿಡಿಯಬಾರದು, ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂದು ನೋಡಬೇಕು. ಎಡಗೈ ಹೋದರೆ ಚಾಲಕನಿಗೋ ಬಡಗಿಗೋ ಹೆಚ್ಚುಕಡಿಮೆ ಎಲ್ಲವೂ ಹೋದಂತೆ, ಸರಕಾರಿ ಗುಮಾಸ್ತನಿಗೆ ಹಾಗಲ್ಲ ಎಂದು ಅಲ್ಲಿ ಉದಾಹರಣೆ ಕೊಟ್ಟಿದ್ದಾರೆ. ನಾನು ಗುಮಾಸ್ತನ ಸಾಲಿನವಳು, ಅವ್ವ ಬಡಗಿಯ ಸಾಲಿನವಳು.

2011ರ ಫೆಬ್ರುವರಿಯಲ್ಲಿ ಜನಗಣತಿ ಬಂತು. ನಮ್ಮ ಮಾಸ್ತರ ಮಂದಿಗೆ ಗಣತಿ ತಪ್ಪಿದ್ದಲ್ಲ. ನನಗೆ ತುಬಚಿಯದೇ ಒಂದು ಭಾಗ ಬಂತು, ತವರುಮನೆಯೂ ಅದರಲ್ಲಿ ಸೇರಿತ್ತು. ನಮಗೆ ಕೊಟ್ಟ ಸೂಚನೆಯಲ್ಲಿ ಒಂದು ಮಾತಿತ್ತು: ಮನೆಯ ಬಳಕೆಗಷ್ಟೇ ಆದರೂ ಹಾಲು ಉತ್ಪಾದನೆಯಲ್ಲಿ ತೊಡಗಿದವರನ್ನು ಕೆಲಸಗಾರರೆಂದು ಬರೆಯಬೇಕು. ಎಮ್ಮೆಗಳು ಇನ್ನೂ ಇದ್ದವು. ಆದರೆ ಹದಿನೈದು ವರ್ಷದಿಂದ ಅವನ್ನು ಹಿಂಡುತ್ತಿದ್ದವಳು ತಮ್ಮನ ಹೆಂಡತಿ. ಅವಳನ್ನು ಕೆಲಸಗಾರಳೆಂದು ಬರೆದೆ. ಅವ್ವನ ಸಾಲಿಗೆ ಬಂದಾಗ ಕೆಲಸವಿಲ್ಲದವರ ಸಂಕೇತಗಳನ್ನು ನೋಡಿದೆ. ವಿದ್ಯಾರ್ಥಿಗೆ 1, ಮನೆಗೆಲಸಕ್ಕೆ 2, ಅವಲಂಬಿತರಿಗೆ 3, ಹೀಗೆ ಹೋಗಿ ಭಿಕ್ಷುಕರಿಗೆ 6.

ಅವ್ವ ಎದುರಿಗೆ ಕೂತು ಎಡಗೈಯಲ್ಲಿ ಕೌದಿಗೆ ಹೊಲಿಗೆ ಹಾಕುತ್ತಿದ್ದಳು. ಅದನ್ನು ಕಲಿಯಲು ಅವಳಿಗೆ ಎರಡು ವರ್ಷ ಹಿಡಿದಿತ್ತು. ಹೊಲಿಗೆ ಸೊಟ್ಟಗೆ ಬರುತ್ತಿತ್ತು, ಆದರೂ ಬಿಟ್ಟಿರಲಿಲ್ಲ.

"ನನ್ನ ಮುಂದ ಏನ ಬರದಿ ಯವ್ವಾ?" ಎಂದಳು.

"ಎರಡು" ಎಂದೆ.

"ಎರಡ ಏನು, ರೂಪಾಯೋ?" ಎಂದು ನಕ್ಕು, ದಾರ ಹಲ್ಲಿನಲ್ಲಿ ಕಡಿದು, ಸೂಜಿಯನ್ನು ನನ್ನ ಕೈಗೆ ಕೊಟ್ಟಳು. ದಾರ ಪೋಣಿಸುವುದು ಮಾತ್ರ ಅವಳಿಗೆ ಕೊನೆಯವರೆಗೂ ಆಗಲಿಲ್ಲ.