ಬಾರೋಬಾಗಿನ ಮನೆ

ನಮ್ಮ ಕಡೆ ಸೇಬು ಎಂದರೆ ಬಹುಕಾಲ ಕಾಯಿಲೆಯವರ ಹಣ್ಣು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಮಾತ್ರ ಅರ್ಧ ಕಿಲೋ ಕಟ್ಟಿಸಿಕೊಳ್ಳುತ್ತಿದ್ದೆವು. 'ಸಿಮ್ಲಾ ಸೇಬು' ಎಂದು ಅಂಗಡಿಯವನು ಹೇಳಿದರೆ ಅದೇ ಸಾಕು, ಮುಂದೆ ವಿಚಾರಿಸುತ್ತಿರಲಿಲ್ಲ. ಆ ಹಣ್ಣಿನ ಹಿಂದೆ ಒಂದು ಮನೆತನದ ಕಥೆಯಿದೆ.

ಸಿಮ್ಲಾದಿಂದ ಮೇಲಕ್ಕೆ, ಕೋಟಗಢದ ಬೆಟ್ಟಸಾಲಿನಲ್ಲಿ ಥಾನೇದಾರ್ ಎಂಬ ಊರು. ಅಲ್ಲಿನ ಬಾರೋಬಾಗಿನಲ್ಲಿ ಕಲ್ಲು, ಮರಗಳಿಂದ ಕಟ್ಟಿದ ಹಾರ್ಮನಿ ಹಾಲ್ ಎಂಬ ಮನೆ. ಕಟ್ಟಿಸಿದವನು ಸ್ಯಾಮ್ಯುಯಲ್ ಇವಾನ್ಸ್ ಸ್ಟೋಕ್ಸ್. ಅಮೆರಿಕೆಯ ಫಿಲಡೆಲ್ಫಿಯಾದ ಸಿರಿವಂತರ ಮಗ. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಸಬಾಥುವಿಗೆ ಬಂದವನು ಇಲ್ಲೇ ನಿಂತ. 1912ರಲ್ಲಿ ಕೋಟಗಢದ ಕ್ರೈಸ್ತ ಮನೆತನದ ಆಗ್ನೆಸ್ ಎಂಬ ಹುಡುಗಿಯನ್ನು ಮದುವೆಯಾದ. ಬಿಳಿಯರು ಬೆಟ್ಟದವರನ್ನು ಕೂಲಿಯಾಳುಗಳಾಗಿ ಮಾತ್ರ ಕಾಣುತ್ತಿದ್ದ ಕಾಲವದು. ಆ ಮದುವೆಯನ್ನು ಇತ್ತಂಡದವರೂ ಹೇಗೆ ನೋಡಿರಬಹುದೆಂದು ನಾವೇ ಊಹಿಸಬಹುದು.

ಸೇಬು ಆ ಸೀಮೆಗೆ ಹೊಸದಲ್ಲ. ಕುಲ್ಲುವಿನಲ್ಲಿ ಇಂಗ್ಲಿಷರು 1870ರ ಸುಮಾರಿಗೇ ನೆಟ್ಟಿದ್ದರು. ಆದರೆ ಅವು ಹುಳಿ ಜಾತಿಯವು, ನಮ್ಮವರ ನಾಲಿಗೆಗೆ ಒಗ್ಗಲಿಲ್ಲ. ಸ್ಟೋಕ್ಸ್ 1916ರಲ್ಲಿ ಅಮೆರಿಕೆಯ ಸ್ಟಾರ್ಕ್ ಸಹೋದರರ ಸಸ್ಯಕ್ಷೇತ್ರದಿಂದ ಕೆಂಪು ಡೆಲಿಷಿಯಸ್ ಸಸಿಗಳನ್ನು ತರಿಸಿದ. ಆ ಜಾತಿಯ ತಾಯಿಮರದ ಕಥೆಯೂ ಸ್ವಾರಸ್ಯವಾದದ್ದು. ಅಯೋವಾದ ರೈತನೊಬ್ಬ ಬೇಡದ ಗಿಡವೆಂದು ಎರಡು ಸಲ ಕಡಿದರೂ ಅದು ಮತ್ತೆ ಚಿಗುರಿತಂತೆ. ಬದುಕುವ ಹಟವಿದ್ದರೆ ಬದುಕಲಿ ಎಂದು ಅವನು ಬಿಟ್ಟ. ಹಾಗೆ ಉಳಿದ ಗಿಡದ ಸಂತತಿ ಹಿಮಾಲಯದಲ್ಲಿ ಬೇರೂರಿತು.

ಸೇಬಿನ ತೋಟ ತಾಳ್ಮೆಯ ಬೇಸಾಯ. ಚಳಿಗಾಲದ ಕೊರೆತ ಸಾಕಷ್ಟು ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯದು. ನೆಟ್ಟ ಮೇಲೆ ವರ್ಷಗಟ್ಟಲೆ ಕಾಯಬೇಕು. ಜೋಳ, ಆಲೂಗೆಡ್ಡೆಗಳಲ್ಲಿ ಹೊಟ್ಟೆ ಹೊರೆಯುವ ರೈತ ಅಷ್ಟು ವರ್ಷ ಕಾಯುವುದೆಂತು? ಸ್ಟೋಕ್ಸ್ ನೆರೆಯವರಿಗೆ ಸಸಿ ಕೊಟ್ಟ, ನೆಡುವ, ಸವರುವ ಕ್ರಮ ಕಲಿಸಿದ. ಒಂದು ಮನೆಯ ತೋಟ ನಿಧಾನವಾಗಿ ಇಡೀ ಸೀಮೆಯ ಬದುಕಾಯಿತು.

ಆದರೆ ಆತ ಬರೀ ತೋಟಗಾರನಲ್ಲ. ಸರ್ಕಾರಿ ಅಧಿಕಾರಿಗಳು ಬೆಟ್ಟದವರಿಂದ ಬಿಟ್ಟಿ ದುಡಿಸಿಕೊಳ್ಳುತ್ತಿದ್ದ 'ಬೇಗಾರ್' ಪದ್ಧತಿಯ ವಿರುದ್ಧ ನಿಂತ, ಖಾದಿ ತೊಟ್ಟ, ಗಾಂಧೀಜಿಯ ಜೊತೆ ಸೇರಿದ. 1921ರಲ್ಲಿ ಅವನ ತಾಯಿ ಕ್ರಿಸ್‌ಮಸ್ ಉಡುಗೊರೆಯೆಂದು ಹಳದಿ ಡೆಲಿಷಿಯಸ್ ಸಸಿಗಳನ್ನು ಕಳಿಸಿದಳು. ಅದೇ ಡಿಸೆಂಬರಿನಲ್ಲಿ ಮಗ ಬಂಧನಕ್ಕೊಳಗಾಗಿ ಲಾಹೋರಿನ ಜೈಲು ಸೇರಿದ.

ಆ ತಿಂಗಳುಗಳಲ್ಲಿ ಒಲೆ ಆರದಂತೆ, ಮಕ್ಕಳು ಕಂಗೆಡದಂತೆ, ಎಳೆಯ ಗಿಡಗಳು ಒಣಗದಂತೆ ನೋಡಿದವರು ಯಾರು? ಇತಿಹಾಸದ ಪುಸ್ತಕಗಳು ಇಂಥ ಪ್ರಶ್ನೆ ಕೇಳುವುದು ಕಡಿಮೆ. ನನ್ನ ಮನಸ್ಸೆಲ್ಲ ಆಗ್ನೆಸ್ ಕಡೆಗೇ ಹೋಗುತ್ತದೆ. ತಾರಾ ಎಂಬ ಮಗ ಎಳವೆಯಲ್ಲೇ ತೀರಿಕೊಂಡ. ಅವನ ಹೆಸರಿನ ಶಾಲೆ ಊರಿನ ಮಕ್ಕಳಿಗೆ ಅಕ್ಷರ ಕಲಿಸಿತು. 1932ರಲ್ಲಿ ಗಂಡ ಹೆಂಡತಿ ಹಿಂದೂ ಧರ್ಮಕ್ಕೆ ಸೇರಿದಾಗ ಆತ ಸತ್ಯಾನಂದನಾದ, ಆಕೆ ಪ್ರಿಯಾದೇವಿಯಾದಳು. ಹೆಸರು ಬದಲಾಯಿತು, ಮನೆ ಅದೇ ಉಳಿಯಿತು. ಪಕ್ಕದಲ್ಲಿ 1937ರಲ್ಲಿ ಪರಮಜ್ಯೋತಿ ಮಂದಿರ ಎದ್ದಿತು, ಮರದ ಮೇಲೆ ಉಪನಿಷತ್ತು, ಗೀತೆಗಳ ಸಾಲು ಕೆತ್ತಿಸಿಕೊಂಡು. 1946ರ ಮೇ ತಿಂಗಳಲ್ಲಿ ಸತ್ಯಾನಂದ ತೀರಿಕೊಂಡ, ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು.

ಆಮೇಲೆ ಆ ಹೆಸರನ್ನು ಉಳಿಸಿದವರಲ್ಲಿ ಮನೆಯ ಹೆಂಗಸರೇ ಮುಂದು. ಸೊಸೆ ವಿದ್ಯಾ ಸ್ಟೋಕ್ಸ್ ಹಿಮಾಚಲದ ರಾಜಕಾರಣದಲ್ಲಿ ದಶಕಗಳ ಕಾಲ ದುಡಿದು ಮಂತ್ರಿಯೂ ಆದರು. ಮೊಮ್ಮಗಳು ಆಶಾ ಶರ್ಮಾ 1999ರಲ್ಲಿ ಅಜ್ಜನ ಜೀವನಚರಿತ್ರೆ ಪ್ರಕಟಿಸಿದರು. ನಮ್ಮ ಮನೆಗಳ ಕಥೆಯೂ ಹೀಗೇ ಅಲ್ಲವೇ? ಹತ್ತಿರ ಕೂತು ಕೇಳಿಸಿಕೊಂಡ ಮೊಮ್ಮಗಳೊಬ್ಬಳು ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.