ಗಿರಾಕಿಯ ವಿಳಾಸ ಯಾರ ಕೈಯಲ್ಲಿ?

ಚನ್ನಗಿರಿಯಿಂದ ದಾವಣಗೆರೆಗೆ ಹೋಗುವ ದಾರಿಯಲ್ಲಿರುವ ಸಂತೇಬೆನ್ನೂರನ್ನು ಹೊರಗಿನವರು ಪುಷ್ಕರಿಣಿಯ ಊರೆಂದು ಬಲ್ಲರು. 16ನೇ ಶತಮಾನದಲ್ಲಿ ಪಾಳೇಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ, ಅದರ ನಡುವಿನ ವಸಂತ ಮಂಟಪ, ಪಕ್ಕದ ಮುಸಾಫಿರ್‌ಖಾನೆ ಇವೆಲ್ಲ ಪಠ್ಯಪುಸ್ತಕದ ಇತಿಹಾಸ. ಈ ಸೀಮೆಯಲ್ಲಿ ಯಾರೂ ಅಷ್ಟಾಗಿ ಬರೆಯದ ಇನ್ನೊಂದು ಇತಿಹಾಸವಿದೆ. ಮಾರುವವನು ಕೊಳ್ಳುವವನಿಗೆ ಸುದ್ದಿ ಮುಟ್ಟಿಸಿದ ಬಗೆಯ ಇತಿಹಾಸ ಅದು. ಸಂತೆಯ ಕಾಲದಿಂದಲೂ ಅದಕ್ಕೆ ಎರಡು ದಾರಿಗಳಿದ್ದವು. ಒಂದು ಡಂಗುರ: ಹಲಗೆ ಬಡಿದು ಬೀದಿ ಬೀದಿಯಲ್ಲಿ ಕೂಗುವುದು, ಬೇಕಾದವರಿಗೂ ಬೇಡದವರಿಗೂ ಒಂದೇ ಸಮ. ಇನ್ನೊಂದು ಖಾತೆ ಪುಸ್ತಕ: ಯಾರು ಏನು ಕೊಂಡರು, ಎಷ್ಟು ಬಾಕಿ ಉಳಿಸಿದರು, ಯಾವ ಹಬ್ಬಕ್ಕೆ ಮತ್ತೆ ಬರುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡು ಅವರಿಗೆ ಮಾತ್ರ ಹೇಳಿಕಳಿಸುವುದು. ಇಂದು ಅಂತರ್ಜಾಲದಲ್ಲಿ ವ್ಯಾಪಾರಕ್ಕೆ ಇಳಿದವರು ಗಿರಾಕಿಗಳಿಗೆ ಇಮೇಲ್ ಕಳಿಸಲು ಯಾವ ಸಾಧನ ಕೊಳ್ಳಬೇಕೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಆ ಪ್ರಶ್ನೆಗೆ ಉತ್ತರ ಈ ಹಳೆಯ ಕಥೆಯಲ್ಲಿಯೇ ಇದೆ. ವ್ಯಾಪಾರವನ್ನು ಉಳಿಸಿದ್ದು ಖಾತೆ, ಡಂಗುರವಲ್ಲ. ಆದ್ದರಿಂದ ಖಾತೆಯನ್ನು ವ್ಯಾಪಾರಿಯ ಕೈಯಲ್ಲೇ ಉಳಿಸುವ ಸಾಧನವೇ ಒಳ್ಳೆಯ ಸಾಧನ.

ಖಾತೆ ಎಂದರೆ ಬರೀ ಪುಸ್ತಕವಲ್ಲ, ಗಿರಾಕಿಯ ಕಡೆಗೆ ಹೋಗುವ ದಾರಿಯೂ ಹೌದು. ದಾರಿ ಬೇರೆಯವರ ಕೈಗೆ ಹೋದಾಗ ಏನಾಗುತ್ತದೆ ಎಂಬುದನ್ನು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ನೆನಪಿಸುತ್ತದೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಈ ಊರು ಬಂಜಾರರ ಪವಿತ್ರ ಕ್ಷೇತ್ರ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೂರದೂರಕ್ಕೆ ಸಾಗಿಸುತ್ತಿದ್ದ ಈ ಜನ ಶತಮಾನಗಳ ಕಾಲ ದಖ್ಖನ್ನಿನ ಸರಕು ಸಾಗಣೆಯ ಜೀವನಾಡಿಯಾಗಿದ್ದರು. ಯಾವ ಊರಿಗೆ ಯಾವ ತಿಂಗಳಲ್ಲಿ ಏನು ಬೇಕೆಂಬ ತಿಳಿವಳಿಕೆ ಅವರ ಬಂಡವಾಳ. 19ನೇ ಶತಮಾನದ ಉತ್ತರಾರ್ಧದಲ್ಲಿ ರೈಲು ಬಂತು, ಸರಕು ಹಳಿಯ ಮೇಲೆ ಹೋಯಿತು, ಎತ್ತಿನ ಹಿಂಡಿನ ದಾರಿಗಳು ಬರಿದಾದವು. ಅವರ ಜಾಣ್ಮೆಯಲ್ಲಿ ಕೊರತೆ ಇರಲಿಲ್ಲ. ಆದರೆ ಕೊಳ್ಳುವವನನ್ನು ತಲುಪುವ ದಾರಿ ಬೇರೆಯವರ ಒಡೆತನಕ್ಕೆ ಹೋಗಿತ್ತು, ಜೊತೆಯಲ್ಲಿ ಜೀವನೋಪಾಯವೂ ಹೋಯಿತು.

ದಾರಿ ಬೇರೆಯವರದಾಗಿದ್ದರೂ ಖಾತೆ ತಮ್ಮದಾಗಿದ್ದವರು ಹೇಗೆ ಬೆಳೆದರು ಎಂಬುದನ್ನು ಅಂಚೆಯ ಕಾಲ ತೋರಿಸಿತು. ಮೈಸೂರು ಸೀಮೆಯಲ್ಲಿ 1672ರಲ್ಲಿ ಚಿಕ್ಕದೇವರಾಜ ಒಡೆಯರು ಆರಂಭಿಸಿದ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಅಷ್ಟರಲ್ಲಿ ಎರಡು ದೊಡ್ಡ ಅನುಕೂಲಗಳು ಬಂದಿದ್ದವು. 1877ರಲ್ಲಿ ಬಂದ ವಿ.ಪಿ. ವ್ಯವಸ್ಥೆಯಲ್ಲಿ ಗಿರಾಕಿ ಅಂಚೆಯವನಿಗೆ ಹಣ ಕೊಟ್ಟು ಪೊಟ್ಟಣ ಬಿಡಿಸಿಕೊಂಡರೆ, ಅಂಚೆ ಇಲಾಖೆ ಆ ಹಣವನ್ನು ಮಾರಿದವನಿಗೆ ಮುಟ್ಟಿಸುತ್ತಿತ್ತು. 1879ರಲ್ಲಿ ಬಂದದ್ದು ಕಾಲಾಣೆಯ ಕಾರ್ಡು. ಪುಸ್ತಕ, ಔಷಧಿ, ಪಂಚಾಂಗ, ಬಿತ್ತನೆ ಬೀಜ ಮಾರುವವರು ಹಳ್ಳಿಯ ಮನೆಯ ಬಾಗಿಲಿಗೆ ಬರಲು ಇದರಿಂದ ಸಾಧ್ಯವಾಯಿತು. ಹೊನ್ನಾಳಿಯ ಆಚೆಗಿನ ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು, ಓದುಗರನ್ನು ಒಬ್ಬೊಬ್ಬರಾಗಿ ಗಳಿಸಿದವರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಆ ಕೆಲಸಕ್ಕೆ ಒಂದು ಶಿಸ್ತು ತಂದಿತು: ಮೊದಲು ಚಂದಾದಾರರು, ಆಮೇಲೆ ಪುಸ್ತಕ. ಜಾಹೀರಾತಿನ ಗದ್ದಲವಿಲ್ಲದೆ ಆ ಪ್ರಕಾಶನ ದಶಕಗಳ ಕಾಲ ನಡೆದುಬಂತು. ತಾವಾಗಿ ಹೆಸರು ಬರೆಸಿದ ಓದುಗರ ಪಟ್ಟಿ ಅದರ ಬೆನ್ನಿಗಿತ್ತು, ಆ ಪಟ್ಟಿ ಪ್ರಕಾಶಕರ ಮೇಜಿನ ಮೇಲಿತ್ತು. ಅಂಚೆ ಇಲಾಖೆ ಕಾಗದ ಸಾಗಿಸಿತೇ ಹೊರತು ಚಂದಾದಾರರನ್ನು ತನ್ನವರೆಂದು ಇಟ್ಟುಕೊಳ್ಳಲಿಲ್ಲ. ಇಂದಿನ ಇಮೇಲ್ ಸಾಧನಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುವುದಿಲ್ಲ.

ಇನ್ನೊಂದು ಪಾಠ ಅಡಿಕೆಯದು. ಚನ್ನಗಿರಿ ತಾಲ್ಲೂಕಿನ ತೋಟಗಳಲ್ಲಿ ಎಳೆಯ ಕಾಯಿ ಕೊಯ್ದು, ಸುಲಿದು, ಬೇಯಿಸಿ, ಚೊಗರು ಹಾಕಿ ಒಣಗಿಸಿದ ರಾಶಿ ಅಡಿಕೆಯ ಬೆಲೆ ದಿನದಿನಕ್ಕೂ ಬದಲಾಗುತ್ತದೆ. ಹಾಗಾಗಿ ಇಲ್ಲಿನ ಬೆಳೆಗಾರ ಪತ್ರಿಕೆ ಬಿಡಿಸಿದರೆ ಕಣ್ಣು ಮೊದಲು ಹೋಗುವುದು ಧಾರಣೆಯ ಕಾಲಂಗೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಅಷ್ಟೇ. ಆಕಾಶವಾಣಿ ಅದನ್ನು ಓದಿತು, ಮಂಡಿಗಳು ಫೋನಿನಲ್ಲಿ ಹೇಳಿದವು, ಈಗ ಮೊಬೈಲಿಗೆ ಬರುತ್ತದೆ. ಎಷ್ಟು ದಾರಿ ಬದಲಾದರೂ ಈ ಸಂದೇಶವನ್ನು ಯಾರೂ ಬೇಡವೆನ್ನಲಿಲ್ಲ, ಏಕೆಂದರೆ ಕೇಳಿದವನಿಗೆ, ಕೇಳಿದ್ದನ್ನು, ಬೇಕಾದ ಹೊತ್ತಿಗೆ ಅದು ಕೊಡುತ್ತದೆ. ಇದರ ಮುಂದೆ ಹಬ್ಬದ ಶುಭಾಶಯದ ಹೆಸರಿನಲ್ಲಿ ಬರುವ ಹತ್ತಾರು ಬಣ್ಣಬಣ್ಣದ ಜಾಹೀರಾತು ಇಮೇಲ್‌ಗಳನ್ನು ಇಟ್ಟು ನೋಡಿ. ಅಲಂಕಾರದ ಮಾದರಿಗಳು ಎಷ್ಟಿವೆ ಎಂದು ಎಣಿಸಿ ಸಾಧನ ಆರಿಸುವವರು ಧಾರಣೆ ಪಟ್ಟಿಯ ಆ ಎರಡು ಅಂಕಿಗಳನ್ನು ಒಮ್ಮೆ ಗಮನಿಸಬೇಕು.

ಇಮೇಲ್ ಮೊದಲಿನಿಂದಲೂ ಡಂಗುರದ ಕಡೆಗೆ ಜಾರುತ್ತಲೇ ಬಂದಿದೆ. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ತನ್ನ ಕಂಪ್ಯೂಟರಿನ ಪ್ರಚಾರಕ್ಕಾಗಿ ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಒಂದೇ ಪತ್ರ ಕಳಿಸಿತು. ವಿಳಾಸಗಳನ್ನು ತೆಗೆದದ್ದು ಅಚ್ಚಾದ ಡೈರೆಕ್ಟರಿಯಿಂದ, ಯಾರನ್ನೂ ಕೇಳಿರಲಿಲ್ಲ. ಅನಪೇಕ್ಷಿತ ಇಮೇಲ್‌ನ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮರುವರ್ಷ ಬಂದ ಹಾಟ್‌ಮೇಲ್ ವಿಳಾಸವನ್ನು ಉಚಿತ ಮಾಡಿತು. ಉಚಿತವಾದದ್ದೇ ತೊಂದರೆಯ ಮೂಲವೂ ಆಯಿತು. ನಮ್ಮ ಅಂಚೆ ಇಲಾಖೆ ಸಾಮಾನ್ಯ ಕಾರ್ಡಿಗೆ 50 ಪೈಸೆ ಇಟ್ಟಾಗ ಅಚ್ಚು ಹಾಕಿಸಿದ ಕಾರ್ಡಿಗೆ 6 ರೂಪಾಯಿ ಇಟ್ಟಿತ್ತು, ಅಂದರೆ ಹನ್ನೆರಡು ಪಟ್ಟು. ಸಾವಿರ ಜನಕ್ಕೆ ಒಂದೇ ಮಾತು ಹೇಳುವವನು ಯಾರಿಗೆ ಹೇಳಬೇಕೆಂದು ಎರಡು ಸಲ ಯೋಚಿಸಲು ಆ ದರವೇ ಸಾಕಿತ್ತು. ಇಮೇಲ್‌ನಲ್ಲಿ ಅಂಥ ತಡೆ ಇರಲಿಲ್ಲ. ಕೊನೆಗೆ 2024ರ ಫೆಬ್ರವರಿಯಲ್ಲಿ ಜಿಮೇಲ್ ಮತ್ತು ಯಾಹೂ ತಡೆ ಹಾಕಿದವು: ರಾಶಿಗಟ್ಟಲೆ ಪತ್ರ ಕಳಿಸುವವರು ತಮ್ಮ ಗುರುತನ್ನು ತಾಂತ್ರಿಕವಾಗಿ ಸಾಬೀತುಪಡಿಸಬೇಕು, ಒಂದೇ ಒತ್ತಿನಲ್ಲಿ ಪಟ್ಟಿಯಿಂದ ಹೊರಹೋಗಲು ಓದುಗನಿಗೆ ಅವಕಾಶ ಇರಬೇಕು, ದೂರುಗಳ ಪ್ರಮಾಣ ಶೇಕಡಾ 0.3 ದಾಟಬಾರದು. ಈ ನಿಯಮಗಳನ್ನು ತಾನೇ ಪಾಲಿಸದ, ಪಾಲಿಸಲು ಸಹಾಯ ಮಾಡದ ಸಾಧನ ಎಷ್ಟೇ ಅಗ್ಗವಾಗಿ ಸಿಕ್ಕರೂ ದಂಡ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ತೂಕದ ಆಕ್ಷೇಪವೇ. ಜಗಳೂರಿನಲ್ಲೋ ಹೊನ್ನಾಳಿಯಲ್ಲೋ ಇಮೇಲ್ ತೆರೆದು ಓದುವವರು ಎಷ್ಟು ಜನ? ವಾಟ್ಸಾಪ್ ಗುಂಪು ಸಾಲದೇ? ಊರಿನೊಳಗಿನ ವ್ಯಾಪಾರಕ್ಕೆ ಖಂಡಿತ ಸಾಕು. ಕಿರಾಣಿ ಅಂಗಡಿಯವರಿಗೆ ಇಮೇಲ್ ಸಾಧನ ಕೊಳ್ಳಿ ಎಂದು ಹೇಳುವುದು ಅನ್ಯಾಯ. ಆದರೆ ಅಡಿಕೆ ಹಾಳೆಯ ತಟ್ಟೆಯನ್ನು ಬೆಂಗಳೂರಿನ ಹೋಟೆಲಿಗೆ, ಹೊರದೇಶದ ಅಂಗಡಿಗೆ ಮಾರಲು ಹೊರಟವರ ಗಿರಾಕಿಗಳು ದರಪಟ್ಟಿ, ಬಿಲ್ಲು, ಆರ್ಡರನ್ನು ಇಮೇಲ್‌ನಲ್ಲೇ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಗುಂಪಿನ ನಿಯಮಗಳನ್ನು ಬರೆಯುವುದು ವಾಟ್ಸಾಪ್ ಕಂಪನಿ. ಅಲ್ಲಿನ ಖಾತೆ ಒಮ್ಮೆ ಸ್ಥಗಿತವಾದರೆ ಗಿರಾಕಿಗಳೆಲ್ಲ ಒಂದೇ ಏಟಿಗೆ ಕೈತಪ್ಪುತ್ತಾರೆ. ಇಮೇಲ್ ವಿಳಾಸ ಹಾಗಲ್ಲ. ಒಂದು ಸಾಧನ ಬಿಟ್ಟು ಇನ್ನೊಂದಕ್ಕೆ ಹೋದರೂ ಪಟ್ಟಿ ಜೊತೆಯಲ್ಲೇ ಬರುತ್ತದೆ. ಬರಬೇಕು, ಬರದಿದ್ದರೆ ಅದನ್ನು ಕೊಳ್ಳಲೇಬಾರದು. ಮೊದಲು ಉಚಿತವಾಗಿ ಸಿಗುತ್ತದಲ್ಲ ಎಂಬುದು ಎರಡನೆಯ ಆಕ್ಷೇಪ. 2001ರಲ್ಲಿ ಶುರುವಾದ ಮೇಲ್‌ಚಿಂಪ್ ಒಂದು ಕಾಲಕ್ಕೆ 2,000 ವಿಳಾಸಗಳವರೆಗೆ ಉಚಿತ ಸೇವೆ ಕೊಡುತ್ತಿತ್ತು, ಆಮೇಲೆ ಆ ಮಿತಿಯನ್ನು 500ಕ್ಕೆ ಇಳಿಸಿತು. ಅದು ತಪ್ಪೇನಲ್ಲ, ಅವರ ವ್ಯಾಪಾರ ಅವರದು. ಆದರೆ ಇಂದಿನ ದರ ನೋಡಿ ನಿರ್ಧರಿಸಿದವರು ನಾಳೆ ಸಿಕ್ಕಿಬೀಳುತ್ತಾರೆ. ಇಂಥ ಅನೇಕ ಸಾಧನಗಳ ದರ ಪಟ್ಟಿಯ ಗಾತ್ರಕ್ಕೆ ತಕ್ಕಂತೆ ಏರುವುದರಿಂದ, ಓದದ ಹೆಸರುಗಳನ್ನು ತೆಗೆದುಹಾಕುವುದೂ ಉಳಿತಾಯವೇ. ಚೆನ್ನೈ ಮೂಲದ ಜೋಹೋದಂಥ ನಮ್ಮ ದೇಶದ ಕಂಪನಿಯದ್ದಾದರೂ, ಹೊರಗಿನದ್ದಾದರೂ ಪರೀಕ್ಷೆ ಒಂದೇ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಾರಣವೂ ಇದೆ. ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರ ಹಿಡಿಸಿದರೆ, ಕನ್ನಡ ಲಿಪಿಯಲ್ಲಿ ಹಿಡಿಸುವುದು 70, ಅದರಲ್ಲೂ ಕಾಗುಣಿತ ಒತ್ತಕ್ಷರಗಳೆಲ್ಲ ಬೇರೆ ಬೇರೆ ಲೆಕ್ಕ. ‘ರಾಶಿ’ ಎಂದು ಬರೆದರೂ ನಾಲ್ಕು ಸ್ಥಾನ ಹೋಗುತ್ತದೆ. ಇಮೇಲ್‌ನಲ್ಲಿ ಆ ಇಕ್ಕಟ್ಟಿಲ್ಲ. ಆದರೆ ಸಾಧನ ಯೂನಿಕೋಡನ್ನು ಸರಿಯಾಗಿ ನಿಭಾಯಿಸದಿದ್ದರೆ ಗಿರಾಕಿಯ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಲ್ಲುತ್ತದೆ. ಹೆಸರೇ ಕೆಟ್ಟ ಪತ್ರವನ್ನು ಯಾರು ನಂಬುತ್ತಾರೆ? ಕಾನೂನೂ ಈಗ ಈ ಕಡೆಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಮನವಿಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು, ಆ ಅನುಸೂಚಿಯಲ್ಲಿ ಕನ್ನಡವಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲೂ ಬರಬೇಕು.

ಹಾಗಾಗಿ ಹಣ ಕಟ್ಟುವ ಮೊದಲು ನೀವೇ ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮವರದೇ ಐದಾರು ಹೆಸರುಗಳನ್ನು ಕನ್ನಡದಲ್ಲಿ ಪಟ್ಟಿಗೆ ಹಾಕಿ ಒಂದು ಪತ್ರ ಕಳಿಸಿ, ಒಬ್ಬರಿಗೆ ಪಟ್ಟಿಯಿಂದ ಹೊರಬರಲು ಹೇಳಿ, ಇನ್ನೊಂದು ಪತ್ರ ಕಳಿಸಿ, ಆಮೇಲೆ ಪೂರ್ತಿ ಪಟ್ಟಿಯನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹೆಸರುಗಳು ಕೆಡದೆ ಬಂದಿದ್ದರೆ, ಹೊರಬಂದವರಿಗೆ ಮತ್ತೆ ಪತ್ರ ಹೋಗದಿದ್ದರೆ, ಆ ಸಾಧನವನ್ನು ಕೊಳ್ಳಬಹುದು.